ಹಾಡುವವಳಿಗೆ ಕೇಳಿಸದ ಪೆಟ್ಟಿಗೆ

ಕೆಲಸ ಬಿಟ್ಟು ಎರಡು ವರ್ಷವಾಯಿತು. ಆದರೂ ವಾರಕ್ಕೊಮ್ಮೆಯಾದರೂ ಈ ಕಸುಬಿಗೆ ಹೊಸದಾಗಿ ಬಂದ ಯಾರಾದರೊಬ್ಬರು ಫೋನ್ ಮಾಡುತ್ತಾರೆ. ಕೇಳುವುದು ಒಂದೇ ಪ್ರಶ್ನೆ: ವೇದಿಕೆಯ ಮೇಲಿಡುವುದಕ್ಕೆ ಚಿಕ್ಕದಾದ, ಚೊಕ್ಕದಾದ ಮಾನಿಟರ್ ಯಾವುದು ತಗೊಳ್ಳಲಿ, ಎಷ್ಟು ವ್ಯಾಟ್ ಇದ್ದರೆ ಸಾಕು? ಕೇಳಿದ ಕೂಡಲೇ ನನಗೆ ಮೈ ಉರಿಯುತ್ತದೆ. ಯಾರು ಹಾಡುತ್ತಾರೆ, ಏನು ಹಾಡುತ್ತಾರೆ, ಪಕ್ಕದಲ್ಲಿ ಏನು ಬಾರಿಸುತ್ತಾರೆ ಎಂದು ಒಬ್ಬನೂ ಹೇಳುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆಯೇ ಎಂಬುದು ಮೊದಲ ಮಾತು, ಫೋಟೊದಲ್ಲಿ ಅಡ್ಡ ಬರುತ್ತದೆಯೇ ಎಂಬುದು ಎರಡನೆಯದು. ಚೆನ್ನಾಗಿ ಬೈದು ಫೋನಿಡುತ್ತೇನೆ. ಆಮೇಲೆ ಪಾಪ ಅನ್ನಿಸಿ ನಾನೇ ತಿರುಗಿ ಮಾಡುತ್ತೇನೆ. ಹೀಗೆ ಒಬ್ಬೊಬ್ಬರಿಗೂ ಬೈಯುವ ಬದಲು ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡೋಣ ಎಂದು ಕುಳಿತಿದ್ದೇನೆ. ಇದರಲ್ಲಿ ಹೆಚ್ಚಿನ ಬೈಗುಳ ನನಗೇ ಸೇರಬೇಕಾದದ್ದು.

ಗೊತ್ತಿಲ್ಲದವರಿಗಾಗಿ ಮಾನಿಟರ್ ಎಂದರೇನು ಹೇಳಿಬಿಡುತ್ತೇನೆ. ವೇದಿಕೆಯ ಎರಡೂ ಕಡೆ ನಿಂತಿರುವ ದೊಡ್ಡ ಸ್ಪೀಕರ್‌ಗಳು ಜನರಿಗೆ. ಹಾಡುವವರ ಕಾಲ ಬಳಿ, ಅವರ ಮುಖದ ಕಡೆ ಓರೆಯಾಗಿ ತಿರುಗಿ ಕುಳಿತಿರುವ ಪೆಟ್ಟಿಗೆ ಹಾಡುವವರಿಗೆ. ಅದರಲ್ಲಿ ಅವರ ದನಿ ಅವರಿಗೇ ಕೇಳಬೇಕು. ಕೇಳದಿದ್ದರೆ ಶ್ರುತಿ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ತಮಗೇ ಗೊತ್ತಿಲ್ಲದಂತೆ ಕೂಗಲು ಶುರು ಮಾಡುತ್ತಾರೆ. ತುಂಬಿದ ಬಸ್ಸಿನಲ್ಲಿ ಫೋನ್ ಹಿಡಿದು ಅರಚುವವರನ್ನು ನೋಡಿಲ್ಲವೇ, ಹಾಗೆ. ದಿನಾ ಎರಡು ಮೂರು ಗಂಟೆ ಹಾಗೆ ಕೂಗಿದರೆ ಗಂಟಲು ಏನಾಗಬೇಕು? ಗಿರಿಜಾ ಎಂಬ ಹಾಡುಗಾರ್ತಿಯ ಗಂಟಲು ಏನಾಯಿತು ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಅವಳ ಮುಂದೆ ಪೆಟ್ಟಿಗೆ ಇಟ್ಟವನು ನಾನು. ಅಂಗಡಿಗೆ ಹೋಗಿ ಅದನ್ನು ಆರಿಸಿ ತಂದವನೂ ನಾನೇ.

ನಾನು ನಾಗಸಂದ್ರದವನು. ಮೊದಲು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತುತ್ತಿದ್ದೆ. ಅದು ಬಾಗಿಲು ಹಾಕಿದಾಗ ರಂಗಪ್ಪನವರ ಸೌಂಡ್ ಅಂಗಡಿ ಸೇರಿಕೊಂಡೆ. ರಂಗಪ್ಪ ಎಂದರೆ ಬೆಳಗಿನಿಂದ ಬೈಗುಳ. ನಾನು ಸುತ್ತಿಟ್ಟ ವೈರನ್ನು ಬಿಚ್ಚಿ ನೆಲಕ್ಕೆ ಎಸೆದು, ಮತ್ತೆ ಸುತ್ತು ಎನ್ನುತ್ತಿದ್ದರು. ಒಂದೇ ದಿನ ನಾಲ್ಕು ಸಲ ಎಸೆದದ್ದುಂಟು. ಆದರೆ ಕಾರ್ಯಕ್ರಮ ಶುರುವಾಗುವ ಮೊದಲು ಅವರು ತಪ್ಪದೆ ಮಾಡುತ್ತಿದ್ದ ಒಂದು ಕೆಲಸವಿತ್ತು. ಪಂಚೆ ಎತ್ತಿ ಕಟ್ಟಿ ವೇದಿಕೆ ಹತ್ತಿ, ಹಾಡುವವರು ನಿಲ್ಲುವ ಜಾಗದಲ್ಲೇ ನಿಂತು, ಕರ್ಕಶ ದನಿಯಲ್ಲಿ ಒಂದು ದೇವರನಾಮ ಹಾಡುತ್ತಿದ್ದರು. ಪಕ್ಕದಲ್ಲಿ ವಾದ್ಯದವರು ಜೋರಾಗಿ ಬಾರಿಸಬೇಕು. ಆ ಗದ್ದಲದಲ್ಲಿ ತಮ್ಮ ದನಿ ತಮಗೆ ಕೇಳುವವರೆಗೂ ಅವರು ಕೆಳಗೆ ಇಳಿಯುತ್ತಿರಲಿಲ್ಲ. ನಾನು ಜನರ ಕುರ್ಚಿಗಳ ನಡುವೆ ನಿಂತು ಸೌಂಡ್ ಚೆನ್ನಾಗಿದೆ ಎಂದರೆ ಅವರ ಸಿಟ್ಟು ನೆತ್ತಿಗೇರುತ್ತಿತ್ತು.

"ಅಲ್ಲಿ ನಿಂತ್ಕಂಡು ಏನ್ಲಾ ಕೇಳ್ತೀಯಾ? ಅಂಗೆ ದೂರದಿಂದ ಗೊತ್ತಾಗಕಿಲ್ಲ. ಇಲ್ ಬಾ, ಇಲ್ ನಿಂತ್ಕ" ಎನ್ನುತ್ತಿದ್ದರು.

ಇನ್ನೊಂದು ವಿದ್ಯೆಯನ್ನೂ ಅವರೇ ಕಲಿಸಿದ್ದು. ಅದರ ಹೆಸರು ಖಾಲಿ ತಿರುಪು. ಎಲ್ಲ ಮೈಕುಗಳ ಸದ್ದನ್ನು ಏರಿಸಿ ಇಳಿಸುವ ಮಿಕ್ಸರಿನ ಮೇಲೆ ಸಾಲಾಗಿ ತಿರುಪುಗಳಿರುತ್ತವಲ್ಲ, ಅದರಲ್ಲಿ ಒಂದಕ್ಕೆ ಯಾವ ವೈರೂ ಇರುವುದಿಲ್ಲ. ತಿರುಗಿಸಿದರೆ ಏನೂ ಆಗುವುದಿಲ್ಲ. ಅದು ಕಾರ್ಯಕ್ರಮ ಮಾಡಿಸುವ ಸಮಿತಿಯವರ ಸಮಾಧಾನಕ್ಕೆ. ಪೀಣ್ಯದ ಒಂದು ಕಾರ್ಖಾನೆಯ ರಾಜ್ಯೋತ್ಸವದಲ್ಲಿ ಒಬ್ಬ ಮ್ಯಾನೇಜರು ಹಾಡಿಗೊಮ್ಮೆ ಬಂದು ಬೇಸ್ ಸಾಲದು, ಬೇಸ್ ಸಾಲದು ಎಂದು ತಲೆ ತಿಂದ. ರಂಗಪ್ಪ ಅವನ ಎದುರೇ ಖಾಲಿ ತಿರುಪನ್ನು ಮೆಲ್ಲಗೆ, ಬಹಳ ಕಷ್ಟದ ಕೆಲಸವೆಂಬಂತೆ ತಿರುಗಿಸಿದರು. ಹಾಂ, ಈಗ ನೋಡ್ರಿ ಬಂತು, ಎಂದು ಆ ಪುಣ್ಯಾತ್ಮ ಬೆನ್ನು ತಟ್ಟಿ ಹೋದ. ನಾನು ಜನರೇಟರ್ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೌಂಡಿನವರೆಲ್ಲರಿಗೂ ಈ ತಿರುಪು ಗೊತ್ತು, ಯಾರೂ ಹೊರಗೆ ಬಾಯಿ ಬಿಡುವುದಿಲ್ಲ. ಆದರೆ ರಂಗಪ್ಪ ಅದನ್ನು ಹಾಡುವವರ ಮುಂದೆ ಒಮ್ಮೆಯೂ ಮುಟ್ಟಲಿಲ್ಲ. ಅವರಿಗೆ ಕೊಡಲು ಸೌಂಡ್ ಇಲ್ಲದಿದ್ದರೆ ಇಲ್ಲ ಎಂದೇ ಹೇಳುತ್ತಿದ್ದರು.

ರಂಗಪ್ಪನವರ ಕಾಲದ ಮಾನಿಟರ್‌ಗಳು ರುಬ್ಬುವ ಕಲ್ಲಿನಷ್ಟು ಭಾರ. ಆಂಪ್ಲಿಫೈಯರ್ ಬೇರೆ, ಅದರ ಕಬ್ಬಿಣದ ಪೆಟ್ಟಿಗೆ ಬೇರೆ, ಇಬ್ಬರು ಹಿಡಿದರೂ ಸೊಂಟ ಹೋಗುತ್ತಿತ್ತು. ನೋಡಲು ದರಿದ್ರವಾಗಿದ್ದವು, ನಿಜ. ಹಾಗಾಗಿ ಎಲ್ಲರಿಗೂ ಅವುಗಳನ್ನು ಮುಚ್ಚುವ ಆತುರ. ನಮ್ಮ ಕಡೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಇವತ್ತು ಪೀಣ್ಯದ ಕಾರ್ಖಾನೆ, ನಾಳೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ, ನಾಡಿದ್ದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್. ಎಲ್ಲಿ ಹೋದರೂ ಯಾರಾದರೊಬ್ಬರು ಬಂದು ಮಾನಿಟರ್ ಮೇಲೆ ಹಳದಿ ಕೆಂಪು ಬಟ್ಟೆ ಹೊದಿಸಿ, ಚೆಂಡುಹೂವಿನ ಹಾರ ಸುತ್ತಿ, ಅದರ ಮೇಲೆ ಸನ್ಮಾನದ ಶಾಲು, ಹಣ್ಣಿನ ಬುಟ್ಟಿ ಇಟ್ಟುಬಿಡುತ್ತಿದ್ದರು. ಒಂದು ಕಡೆ ಅಧ್ಯಕ್ಷರು ತಮ್ಮ ಭಾಷಣದ ಹಾಳೆಯ ಮೇಲೆ ಕಲ್ಲಿಟ್ಟು ಅಲ್ಲೇ ಬಿಟ್ಟಿದ್ದರು. ಹಾಡುವವರ ಕಿವಿಗೆ ಹೋಗಬೇಕಾದ ದಾರಿಗೆ ಒದ್ದೆ ಹೂವು ತುರುಕಿ, ಮೈಕಿನಲ್ಲಿ ಮಾತ್ರ ಕನ್ನಡ ಕಲೆ ಉಳಿಯಲಿ ಎಂದು ಭಾಷಣ! ನಾನು ಬಟ್ಟೆ ಕಿತ್ತು ಎಸೆದು ಎಷ್ಟು ಸಮಿತಿಗಳ ಜೊತೆ ಜಗಳವಾಡಿದ್ದೇನೋ ಲೆಕ್ಕವಿಲ್ಲ.

ರಂಗಪ್ಪನವರಿಗೆ ಕೈಲಾಗದಂತಾದ ಮೇಲೆ ಅಂಗಡಿ ನನ್ನ ಕೈಗೆ ಬಂತು. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಆಂಪ್ಲಿಫೈಯರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಪವರ್ಡ್ ಪೆಟ್ಟಿಗೆಗಳು ಬಂದವು. ಕರೆಂಟು ಕೊಟ್ಟು ಮಿಕ್ಸರಿನ ವೈರು ಸಿಕ್ಕಿಸಿದರೆ ಮುಗಿಯಿತು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಮೆಟ್ಟಿಲು ಹತ್ತಬಹುದು. ವೈಟ್‌ಫೀಲ್ಡಿನ ಒಂದು ಕಂಪನಿಯ ಕಾರ್ಯಕ್ರಮಗಳನ್ನು ನಡೆಸಿಕೊಡುತ್ತಿದ್ದ ಸಂದೀಪ್ ಎಂಬ ಈವೆಂಟ್ ಮ್ಯಾನೇಜರ್ ಒಂದು ವರ್ಷ ನನ್ನ ಹಳೆಯ ಪೆಟ್ಟಿಗೆಗಳನ್ನು ಸತ್ತ ನಾಯಿಯನ್ನು ನೋಡುವಂತೆ ನೋಡಿದ. ಸ್ಟೇಜ್ ಕ್ಲೀನ್ ಇರಬೇಕು, ಕಂಪನಿಯ ಲೋಗೊ ಮುಚ್ಚಬಾರದು, ಮುಂದಿನ ಸಲ ಕಾಂಪ್ಯಾಕ್ಟ್ ತನ್ನಿ, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದ. ಅವನ ಮೇಲೆ ಸಿಟ್ಟು ಬಂತು. ಆದರೆ ಹಾಗೆ ಹೇಳಿದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ನನ್ನ ಸೊಂಟಕ್ಕೂ ಸಾಕಾಗಿತ್ತು.

ಈಗ ಕೇಳಿ, ನಾನು ಹೇಗೆ ಆರಿಸಿದೆ ಎಂದು. ಪೆಟ್ಟಿಗೆ ಮಾರುವ ಅಂಗಡಿಯಿಂದ ಎರಡು ಪುಟ್ಟ ಮಾನಿಟರ್‌ಗಳನ್ನು ಪರೀಕ್ಷೆಗೆಂದು ಮಾದನಾಯಕನಹಳ್ಳಿಯ ನಮ್ಮ ಗೋಡೌನಿಗೆ ತಂದೆ. ಖಾಲಿ ಗೋಡೌನು, ಸದ್ದಿಲ್ಲ, ಗದ್ದಲವಿಲ್ಲ. ಫೋನಿನಿಂದ ಒಂದು ರೆಕಾರ್ಡ್ ಆದ ಹಾಡು ಹಾಕಿದೆ. ಹತ್ತಿಪ್ಪತ್ತು ಅಡಿ ದೂರದಲ್ಲಿ ಕೈ ಕಟ್ಟಿಕೊಂಡು ನಿಂತು ಕೇಳಿದೆ. ಆಹಾ, ಏನು ಸೊಗಸು! ಸ್ಟುಡಿಯೊದಲ್ಲಿ ಬೇಯಿಸಿ, ಒಗ್ಗರಣೆ ಹಾಕಿ, ಬಡಿಸಲು ತಯಾರಾದ ಹಾಡು ಯಾವ ಪೆಟ್ಟಿಗೆಯಲ್ಲಾದರೂ ಸೊಗಸಾಗಿಯೇ ಕೇಳುತ್ತದೆ. ಪೆಟ್ಟಿಗೆಯ ಬೆನ್ನ ಮೇಲೆ ಸಾವಿರ ವ್ಯಾಟ್ ಎಂದು ಬರೆದಿತ್ತು. ಜೀವಮಾನವೆಲ್ಲ ಕರೆಂಟಿನ ಜೊತೆ ಏಗಿದ ನನಗೆ ಆ ಸಾವಿರ ಕಣ್ಣು ಮಿಟುಕಿಸುವಷ್ಟು ಹೊತ್ತಿನದು, ಗಂಟೆಗಟ್ಟಲೆ ಬರುವುದಲ್ಲ ಎಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಒಂದು ಮೈಕ್ ಸಿಕ್ಕಿಸಿ, ಅದರ ಮುಂದೆ ನಿಂತು, ಪಕ್ಕದಲ್ಲಿ ಯಾರಾದರೂ ಬಾರಿಸುವಾಗ ನಾಲ್ಕು ಸಾಲು ಹಾಡಿ ನೋಡುವ ಕೆಲಸ ಮಾಡಲಿಲ್ಲ. ರಂಗಪ್ಪ ಇದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು. ಎರಡನ್ನೂ ಅವತ್ತೇ ಖಾಯಂ ಮಾಡಿದೆ.

ಗಿರಿಜಾ ಮಾದನಾಯಕನಹಳ್ಳಿಯವಳು. ಹಗಲು ತುಮಕೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಪರೀಕ್ಷೆ ಮಾಡುವ ಕೆಲಸ, ಸಂಜೆ ಆರ್ಕೆಸ್ಟ್ರಾದಲ್ಲಿ ಹಾಡು. ರಂಗಪ್ಪನವರ ಕಾಲದಿಂದಲೂ ನಮ್ಮ ಸೌಂಡಿನಲ್ಲೇ ಹಾಡಿದವಳು, ನನ್ನನ್ನು ಅಣ್ಣ ಎನ್ನುತ್ತಿದ್ದಳು. ಹಾಡಿನ ಕೊನೆಯಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ನಿಂತಳೆಂದರೆ ಕಾರ್ಖಾನೆಯ ಕೆಲಸದವರು ಟೀ ಕುಡಿಯುವುದನ್ನೂ ಬಿಟ್ಟು ನೋಡುತ್ತಿದ್ದರು. ಕತ್ತಿನ ನರ ಉಬ್ಬುತ್ತಿರಲಿಲ್ಲ, ಮುಖ ಕಿವುಚುತ್ತಿರಲಿಲ್ಲ. ಆ ಮೇಲಿನ ಸ್ವರಕ್ಕೇ ಆರ್ಕೆಸ್ಟ್ರಾದವರು ಅವಳನ್ನು ಕರೆಯುತ್ತಿದ್ದದ್ದು. ಗಾರ್ಮೆಂಟ್ಸ್ ಬಿಟ್ಟು ಹಾಡನ್ನೇ ಕೆಲಸ ಮಾಡಿಕೊಳ್ಳಬೇಕು ಎಂದು ಅವಳಿಗೆ ಬಹಳ ಆಸೆಯಿತ್ತು.

ಹೊಸ ಪೆಟ್ಟಿಗೆಗಳ ಮೊದಲ ಕಾರ್ಯಕ್ರಮ ವೈಟ್‌ಫೀಲ್ಡಿನ ಆ ಕಂಪನಿಯ ಅಂಗಳದಲ್ಲಿ. ಸಂದೀಪ್‌ಗೆ ಸ್ಟೇಜ್ ನೋಡಿ ಸಂತೋಷವೋ ಸಂತೋಷ. ಗಿರಿಜಾಳ ಪಕ್ಕದಲ್ಲೇ ರಿದಮ್ ಪ್ಯಾಡಿನವನು. ಕಡ್ಡಿಯಲ್ಲಿ ಬಡಿದರೆ ಡೋಲು, ತಬಲಾ, ಡ್ರಮ್ ಎಲ್ಲ ಸದ್ದೂ ಹೊಮ್ಮುವ ಹಲಗೆ ಅದು, ಅವನ ಸ್ಪೀಕರ್ ಅವಳ ಸೊಂಟದ ಹತ್ತಿರ. ಮೊದಲ ಹಾಡಿನಲ್ಲೇ ಅವಳು ಕಿವಿ ತೋರಿಸಿ ಬೆರಳು ಮೇಲೆ ಮಾಡಿದಳು. ಏರಿಸಿದೆ. ಆ ಪುಟ್ಟ ಪೆಟ್ಟಿಗೆ ತನ್ನನ್ನು ತಾನು ಕಾಪಾಡಿಕೊಳ್ಳಲು ಸದ್ದನ್ನು ಅದುಮುತ್ತಿತ್ತು. ಇನ್ನೂ ಏರಿಸಿದರೆ ಕುಂಯ್ ಎಂದು ಕೂಗುತ್ತಿತ್ತು. ಕೊಡಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅವಳು ಮತ್ತೆ ಬೆರಳು ಮೇಲೆ ಮಾಡಿದಳು. ನಾನು ಖಾಲಿ ತಿರುಪು ತಿರುಗಿಸಿ, ಹೆಬ್ಬೆರಳು ಎತ್ತಿ ತೋರಿಸಿದೆ. ಅವಳು ತಲೆಯಾಡಿಸಿ ನಕ್ಕಳು. ಆಮೇಲೆ ಇನ್ನಷ್ಟು ಜೋರಾಗಿ ಹಾಡಿದಳು.

ಅವಳು ನಕ್ಕಳಲ್ಲ, ಅದೇ ನನಗೆ ಧೈರ್ಯ ಕೊಟ್ಟಿತು. ಆ ನವೆಂಬರ್ ಪೂರ್ತಿ ಪ್ರತಿ ವೇದಿಕೆಯಲ್ಲೂ ಅದೇ ಮಾಡಿದೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಹುಲ್ಲುಹಾಸಿನ ಮೇಲೆ ಮಧ್ಯಾಹ್ನದ ಕಾರ್ಯಕ್ರಮ, ಪೆಟ್ಟಿಗೆಗಳು ಬಿಸಿಲಿನಲ್ಲಿ ಕಾದು ತಾವಾಗಿಯೇ ಆರಿಹೋದವು. ತಣ್ಣಗಾಗಿ ಮತ್ತೆ ಏಳಲು ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಅವಳು ಸತ್ತ ಪೆಟ್ಟಿಗೆಯ ಮುಂದೆ ಹಾಡಿದಳು. ಹಾಡು ಮುಗಿಸಿ ಕೆಳಗಿಳಿದು ಬಂದು, ಅಣ್ಣ, ನನಗೆ ಏನೂ ಕೇಳಿಸ್ತಾನೇ ಇಲ್ಲ ಎಂದಳು. ಪಕ್ಕದಲ್ಲಿ ಕಂಪನಿಯವರು ನಿಂತಿದ್ದರು. ನನ್ನ ಹೊಸ ಪೆಟ್ಟಿಗೆಯ ಮರ್ಯಾದೆ ಹೋಗುತ್ತದಲ್ಲ! ಆಗ ನಾನು ಆಡಿದ ಮಾತನ್ನು ಇವತ್ತು ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

"ಎಲ್ಲಾ ಫುಲ್ ಇಟ್ಟಿದೀನಿ ಕಣಮ್ಮ. ನಿನ್ ಗಂಟಲೇ ಯಾಕೋ ಸ್ವಲ್ಪ ಡಲ್ಲು."

ಅವಳು ಗಂಟಲು ಮುಟ್ಟಿಕೊಂಡಳು. ಹೌದೇನೋ ಎಂದು ಮೆಲ್ಲಗೆ ಹೇಳಿ ಬಿಸಿನೀರು ಕೇಳಿ ಕುಡಿದಳು.

ತಿಂಗಳ ಕೊನೆಯಲ್ಲಿ ಪೀಣ್ಯದ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ ಕಾರ್ಯಕ್ರಮ. ತಗಡಿನ ಮಾಡು, ಸದ್ದೆಲ್ಲ ಮೇಲೆ ಹೊಡೆದು ವಾಪಸು ಬೀಳುತ್ತಿತ್ತು. ಕೊನೆಯ ಹಾಡಿನಲ್ಲಿ ಅವಳು ಮೇಲಿನ ಸ್ವರಕ್ಕೆ ಹೋದಳು, ಬಾಯಿಯಿಂದ ಬರೀ ಗಾಳಿ ಬಂತು. ಇನ್ನೊಮ್ಮೆ ಹೋದಳು, ಬಟ್ಟೆ ಹರಿದಂಥ ಸದ್ದು. ಜನ ಹುರಿದುಂಬಿಸಲು ಚಪ್ಪಾಳೆ ತಟ್ಟಿದರು. ಅವಳು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಮುಗಿದು, ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದಳು. ಸ್ವರತಂತುವಿನ ಮೇಲೆ ಕಾಲಿನ ಆಣಿಯಂಥ ಗಂಟು ಬೆಳೆದಿದೆ ಎಂದು ಡಾಕ್ಟರು ಹೇಳಿದರಂತೆ. ವಾರಗಟ್ಟಲೆ ಮಾತೂ ಆಡಬಾರದು ಎಂದರಂತೆ. ಮಾತು ವಾಪಸು ಬಂತು, ಕೆಳಗಿನ ಸ್ವರಗಳೂ ಬಂದವು. ಮೇಲಿನದು ಬರಲೇ ಇಲ್ಲ. ಆರ್ಕೆಸ್ಟ್ರಾದವರು ಸ್ವಲ್ಪ ದಿನ ಕಾದರು, ಆಮೇಲೆ ಬೇರೊಬ್ಬಳನ್ನು ಕರೆದುಕೊಂಡರು. ನಾನೂ ಎಲ್ಲರಂತೆ ಅಯ್ಯೋ ಪಾಪ ಎಂದೆ. ಆರ್ಕೆಸ್ಟ್ರಾದವರ ಜೊತೆ ಒಮ್ಮೆ ಹಣ್ಣು ತೆಗೆದುಕೊಂಡು ಹೋಗಿ ನೋಡಿಯೂ ಬಂದೆ. ನನ್ನ ಪೆಟ್ಟಿಗೆಯ ಹೆಸರು ನನ್ನ ಬಾಯಲ್ಲಿ ಬರಲಿಲ್ಲ.

ಮುಂದಿನ ವರ್ಷ ಅದೇ ವೈಟ್‌ಫೀಲ್ಡಿನ ಕಂಪನಿ. ಈ ಸಲ ಹಾಡಲು ಬಂದವರು ಧಾರವಾಡದ ಕಡೆಯ ಹೆಂಗಸು, ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ತಾಲೀಮಿನಲ್ಲಿ ಎರಡು ಸಾಲು ಹಾಡಿ ನಿಲ್ಲಿಸಿದರು. ನನಗೇನೂ ಕೇಳುತ್ತಿಲ್ಲ ಎಂದರು. ನನ್ನ ಕೈ ತಾನಾಗಿಯೇ ಖಾಲಿ ತಿರುಪಿಗೆ ಹೋಯಿತು, ಹೆಬ್ಬೆರಳೂ ಎದ್ದಿತು. ಅವರು ಒಪ್ಪಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಮೈಕಿನಲ್ಲೇ ಕರೆದರು.

"ನೀವ ಇಲ್ಲಿ ಬಂದು ನಿಂದರ್ರಿ. ನಿಮಗರ ಏನರ ಕೇಳಸ್ತದೇನು ನೋಡ್ರಿ."

ಎಲ್ಲರೂ ನೋಡುತ್ತಿದ್ದರು, ಹೋಗಿ ನಿಂತೆ. ರಿದಮ್ ಪ್ಯಾಡಿನವನಿಗೆ ಅವರೇ ಬಾರಿಸಲು ಹೇಳಿ, ನನ್ನ ಕೈಗೆ ಮೈಕ್ ಕೊಟ್ಟರು. ಹಲೋ ಹಲೋ ಎಂದೆ. ನನ್ನ ದನಿ ನನಗೆ ಕೇಳಲಿಲ್ಲ. ಜೋರಾಗಿ ಎಂದೆ, ಕೇಳಲಿಲ್ಲ. ಗಂಟಲು ಕಿತ್ತುಕೊಂಡು ಕೂಗಿದಾಗ ಏನೋ ಸ್ವಲ್ಪ ಗೊಣಗಿದಂತೆ ಕೇಳಿತು. ಒಂದು ವರ್ಷದಿಂದ ಬಾಡಿಗೆಗೆ ಕೊಡುತ್ತಿದ್ದ ಪೆಟ್ಟಿಗೆಯ ಮುಂದೆ ನಾನು ನಿಂತದ್ದು ಅದೇ ಮೊದಲು. ಗಿರಿಜಾ ಒಂದು ತಿಂಗಳು ಎಲ್ಲಿ ನಿಂತಿದ್ದಳು ಎಂದು ಆಗ ಗೊತ್ತಾಯಿತು. ಗೋಡೌನಿಗೆ ಫೋನ್ ಮಾಡಿ ಹಳೆಯ ಕಲ್ಲಿನಂಥ ಪೆಟ್ಟಿಗೆಗಳನ್ನೇ ತರಿಸಿದೆ. ಸಂದೀಪ್ ಕುಣಿದಾಡಿದ. ನಿನ್ನ ಲೋಗೊ ಹಾಳಾಗಿ ಹೋಗಲಿ ಎಂದು ಎಲ್ಲರ ಎದುರೇ ಅಂದೆ. ಆ ಕಂಪನಿಯ ಕಡೆಯಿಂದ ಮತ್ತೆ ಕರೆ ಬರಲಿಲ್ಲ. ಪುಟ್ಟ ಪೆಟ್ಟಿಗೆಗಳನ್ನು ಯಾರಿಗೂ ಮಾರಲಿಲ್ಲ, ಬಿಚ್ಚಿ ಒಳಗಿನ ಸಾಮಾನು ಬೇರೆ ಮಾಡಿದೆ.

ಚಿಕ್ಕ ಮಾನಿಟರ್‌ಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ, ಹಾಗೆ ಓದಿಕೊಂಡು ನನ್ನ ಹೆಸರು ಕೆಡಿಸಬೇಡಿ. ಆಮೇಲೆ ನಾನೇ ಒಳ್ಳೆಯ ಪುಟ್ಟ ಪೆಟ್ಟಿಗೆಗಳನ್ನು ಹುಡುಕಿ ತಂದು ನಿವೃತ್ತನಾಗುವವರೆಗೂ ಬಳಸಿದೆ. ಆರಿಸುವ ರೀತಿ ಬೇರೆಯಾಯಿತು, ಅಷ್ಟೇ. ಅಂಗಡಿಗೆ ಹೋಗುವಾಗ ನಿಮ್ಮ ಮೈಕನ್ನೇ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಹಾಡುವವರನ್ನೂ ರಿದಮ್ ಪ್ಯಾಡಿನವನನ್ನೂ ಎಳೆದುಕೊಂಡು ಹೋಗಿ. ಪೆಟ್ಟಿಗೆಯನ್ನು ನೆಲದ ಮೇಲೆ ಓರೆ ಮಾಡಿ ಇಟ್ಟು ಅದು ನಿಮ್ಮ ಕಿವಿ ನೋಡುತ್ತದೆಯೋ ಮೊಣಕಾಲು ನೋಡುತ್ತದೆಯೋ ಗಮನಿಸಿ. ಹಾಡುತ್ತಾ ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಸರಿಯಿರಿ, ದನಿ ಮಾಯವಾದರೆ ಬೇಡ. ಕುಂಯ್ ಎನ್ನುವವರೆಗೂ ಏರಿಸಿ, ಅದಕ್ಕೆ ಮೊದಲು ನಿಮ್ಮ ದನಿ ಗದ್ದಲವನ್ನು ದಾಟಿ ಬರುತ್ತದೆಯೇ ಕೇಳಿ. ಒಂದು ಗಂಟೆ ಬಿಡದೆ ಓಡಿಸಿ, ಪೆಟ್ಟಿಗೆಯ ಬೆನ್ನು ಮುಟ್ಟಿ ಕಾದಿದೆಯೇ ನೋಡಿ. ಅಂಗಡಿಯವನು ಮುಖ ಗಂಟು ಹಾಕಿದರೆ ಹಾಕಲಿ. ವ್ಯಾಟ್ ಎಷ್ಟು ಎಂದು ಕೊನೆಗೆ ಕೇಳಿ, ಕೇಳದಿದ್ದರೂ ನಡೆಯುತ್ತದೆ.

ಗಿರಿಜಾಳಿಗೆ ಮಾತ್ರ ನಾನು ಏನೂ ಹೇಳಿರಲಿಲ್ಲ. ವರ್ಷಗಟ್ಟಲೆ ಹೇಳಲಿಲ್ಲ, ಹೇಡಿ ನಾನು. ತುಮಕೂರು ರಸ್ತೆಯಲ್ಲಿ ಎದುರಾದರೆ ನಿಂತು ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದೆ, ಅವಳು ಬಾಯಿ ತುಂಬಾ ಅಣ್ಣ ಎನ್ನುತ್ತಿದ್ದಳು. ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತ ಮೇಲೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಕಳೆದ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಅವಳು ಮುಂಬಾಗಿಲಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಇನ್ನೂ ಅದೇ ಗಾರ್ಮೆಂಟ್ಸ್‌ನಲ್ಲಿದ್ದಾಳೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ ಆರಿಸಿದ ರೀತಿ, ತಿರುಪು, ಹೆಬ್ಬೆರಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಡಿದ ಮಾತು, ಒಂದನ್ನೂ ಬಿಡಲಿಲ್ಲ. ತಪ್ಪಾಯಿತು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಸಾಕು ಎಂದೂ ಆಸೆಯಿತ್ತು.

ಅವಳ ಕೈ ನಿಂತಿತು. ಆ ತಿರುಪಿಗೆ ವೈರೇ ಇರಲಿಲ್ಲವಾ ಎಂದು ಕೇಳಿದಳು. ಇರಲಿಲ್ಲ ಎಂದೆ. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ ಮಾತಾಡಿದಳು. ದನಿ ಏರಲಿಲ್ಲ.

"ನೀನು ಡಲ್ಲು ಅಂದ್ಯಲ್ಲ ಅಣ್ಣ, ಅವತ್ತಿಂದ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಗಂಟಲು ಪಳಗಿಸ್ತಿದ್ದೆ. ಸಾಲ್ದು ಸಾಲ್ದು ಅಂತ ಇನ್ನೂ ಜೋರಾಗಿ ಹಾಡ್ತಿದ್ದೆ. ಡಾಕ್ಟ್ರು ಸೌಂಡ್ ಸರಿಯಿತ್ತಾ ಅಂತ ಕೇಳಿದ್ರು. ನಮ್ಮಣ್ಣಂದೇ ಸೌಂಡು, ಅವರು ಸರಿಯಾಗೇ ಕೊಟ್ಟಿದ್ರು, ನನ್ ಗಂಟಲೇ ದರಿದ್ರದ್ದು ಅಂದೆ."

ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಚಪ್ಪಲಿ ಹಾಕಿಕೊಂಡು ಬಂದೆ.